ಮೂರು ಸಲ ಮುಚ್ಚಿದ ಬಾಗಿಲು

"ಕಣ್ಣಿಗೆ ಕೈ ಹಚ್ಚಬ್ಯಾಡ್ರಿ," ಎಂದಳು ಮುತ್ತವ್ವ, ತಲೆ ಎತ್ತದೆ.

"ನಾ ಎಲ್ಲಿ ಹಚ್ಚೇನಿ?"

"ಹಚ್ಚಾವ್ರಿದ್ರಿ."

ಗಂಡ ಹೆಂಡತಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನಡುವೆ ಕೆಂಪು ರಾಶಿ. ವರ್ಷದ ಖಾರ ಕುಟ್ಟಿಸುವ ಕಾಲ. ಬ್ಯಾಡಗಿಯಲ್ಲಿ ಕೂಸಿಗೆ ಅಕ್ಷರ ಕಲಿಸುವುದಕ್ಕಿಂತ ಮೊದಲು ಒಂದು ಮಾತು ಕಲಿಸುತ್ತಾರೆ, ಕೈ ತೊಳೆಯುವ ತನಕ ಕಣ್ಣು ಮುಟ್ಟಬೇಡ ಎಂದು. ಪ್ರಭುಲಿಂಗಪ್ಪ ಈ ಊರಿಗೆ ಬಂದದ್ದು ಎಂಟು ವರ್ಷದವನಾಗಿದ್ದಾಗ, ಆ ಪಾಠ ಮುಗಿದ ಮೇಲೆ. ಈಗ ತಲೆ ಪೂರ್ತಿ ನೆರೆತಿದೆ, ಪೇಟೆಯ ಹತ್ತಿರ ಗೋಣಿಚೀಲ ಸುತಳಿ ಮಾರುವ ಅಂಗಡಿ ಇದೆ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಇದೆ. ಆದರೆ ಬೆವರಿದರೆ ಅಂಗೈಯಿಂದ ಮುಖ ಒರೆಸಿಕೊಳ್ಳುವ ಚಟ ಹೋಗಿರಲಿಲ್ಲ. ಆ ಚಟದಿಂದ ಮುಂದೆ ಎಷ್ಟು ಅನಾಹುತವಾಯಿತೆಂಬುದೇ ಈ ಕಥೆ.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಗಾಡಿ ನಿಂತಿತು. ಕೊರಳಿಗೆ ಕನ್ನಡಕ ತೂಗುಹಾಕಿಕೊಂಡ ಒಬ್ಬ ಮನುಷ್ಯ ಇಳಿದು, ಮನೆಯ ಹಸಿರು ಬಾಗಿಲನ್ನೂ ಕೆಂಪು ರಾಶಿಯನ್ನೂ ಕಣ್ಣು ಕಿರಿದು ಮಾಡಿ ನೋಡಿದ.

"ಸರ್, ನಮಗೆ ನಿಮ್ಮ ಬಾಗಿಲು ಬೇಕು."

"ಯಾಕ್ರಿ? ಕಿತ್ತಗೊಂಡು ಹೊಕ್ಕೀರೇನು?"

ಅವನು ಟೀವಿಯವನು, ನಿರ್ದೇಶಕ. 'ನಾಲ್ಕನೇ ಅಡ್ಡರಸ್ತೆ' ಎಂಬ ಧಾರಾವಾಹಿ ತೆಗೆಯುತ್ತಿದ್ದ. ಎಲ್ಲಿಯೋ ಯುದ್ಧವಾಗಿ ದೇಶ ಬಿಟ್ಟು ಬಂದ ನಾಲ್ಕು ಹುಡುಗ ಹುಡುಗಿಯರು ಒಂದು ಊರಿನ ಹೊರಬಡಾವಣೆಗೆ ಬರುತ್ತಾರೆ, ಮನೆ ಕೇಳುತ್ತಾರೆ, ಯಾರೂ ಕೊಡುವುದಿಲ್ಲ. ಮರುದಿನ ಅವರಲ್ಲಿ ಒಬ್ಬ ಕಾಣೆಯಾಗುತ್ತಾನೆ. ಯಾರು ಏನು ಮಾಡಿದರು ಎಂಬುದೇ ಪತ್ತೇದಾರಿ. ಮನೆ ಇಲ್ಲ ಎನ್ನುವ ಮಾಲೀಕನ ಪಾತ್ರದ ನಟ ಹಿಂದಿನ ಸಂಜೆ ಪೇಟೆಯಲ್ಲಿ ಮಿರ್ಚಿ ಭಜಿಯ ರುಚಿ ನೋಡಲು ಹೋಗಿ, ರುಚಿ ಹೆಚ್ಚಾಗಿ, ಲಾಡ್ಜಿನಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

"ನೀವೇ ಮಾಡಿ ಸರ್. ಒಂದೇ ಮಾತು. 'ಮನೆ ಇಲ್ಲ, ಹೋಗಿ.' ಅಷ್ಟೇ."

ಪ್ರಭುಲಿಂಗಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಅವನ ಎರಡು ಕಿವಿಗಳೂ ಅಗಲವಾದವು, ಮುಂದಕ್ಕೆ ಬಾಗಿದವು. ಖುಷಿಯಾದರೆ ಅವು ತುಸು ಅಲುಗಾಡುತ್ತಿದ್ದವು. ಅವು ಅಲುಗಾಡಿದ್ದನ್ನು ಮುತ್ತವ್ವ ನೋಡಿದಳು.

ಮರುದಿನ ಬಡಾವಣೆಯೆಲ್ಲ ಕಂಪೌಂಡಿನ ಮೇಲೆ ಹತ್ತಿತ್ತು. ಎದುರುಮನೆಯ ದ್ರಾಕ್ಷಾಯಿಣಿಯಂತೂ ಖುರ್ಚಿ ಹಾಕಿಸಿಕೊಂಡು ಕೂತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಪ್ರಭುಲಿಂಗಪ್ಪ ತೆರೆದ. ಹೊಸ್ತಿಲಾಚೆ ನಾಲ್ವರು ನಿಂತಿದ್ದರು. ಮೈಯೆಲ್ಲ ಧೂಳು, ಹರಕು ಅಂಗಿ, ಕೈಯಲ್ಲಿ ಗಂಟು. ಎಲ್ಲರಿಗಿಂತ ಸಣ್ಣ ಹುಡುಗಿಯ ತಲೆಯ ಮೇಲೆ ಒಂದು ಚಾದರದ ಸುತ್ತು.

"ಬರ್ರಿ, ಬರ್ರಿ, ಒಳಗ ಬರ್ರಿ," ಎಂದ ಪ್ರಭುಲಿಂಗಪ್ಪ.

"ಕಟ್! ಸರ್, ನೀವು ಇಲ್ಲಿ ಕೆಟ್ಟ ಮನುಷ್ಯ."

"ಯಾರ್ ಹೇಳಿದ್ರು?" ಎಂದು ಪ್ರಭುಲಿಂಗಪ್ಪ ನೇರವಾಗಿ ದ್ರಾಕ್ಷಾಯಿಣಿಯ ಕಡೆ ನೋಡಿದ.

ಎರಡನೆಯ ಸಲ "ಮನಿ ಇಲ್ರಿ" ಎಂದು ಗಟ್ಟಿಯಾಗಿಯೇ ಹೇಳಿದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಚಾ ಕುಡದ ಹೋಗ್ರೆಲ್ಲ" ಎಂಬುದು ಹಿಂದೆಯೇ ಜಾರಿ ಬಂತು. ಮೂರನೆಯ ಸಲ ಅವನು ತಪ್ಪಲಿಲ್ಲ. ಆದರೆ ಅವನ ಬೆನ್ನ ಹಿಂದಿನಿಂದ ಮುತ್ತವ್ವ ನೀರಿನ ತಂಬಿಗೆ ಬೆಲ್ಲದ ಹರಳು ಹಿಡಿದುಕೊಂಡು ಕ್ಯಾಮೆರಾದೊಳಗೆ ಬಂದಳು.

"ಅಮ್ಮಾ, ನೀವ್ಯಾಕೆ ಬಂದ್ರಿ?" ನಿರ್ದೇಶಕ ತಲೆ ಹಿಡಿದುಕೊಂಡ.

"ಬಾಗಲಾಗ ನಿಂತಾವ್ರಿಗೆ ನೀರು ಕೊಡದ ಕಳಸೂದು ಹೆಂಗಪಾ? ಟೀವ್ಯಾಗ ನಮ್ಮ ತವರ್ಮನಿಯವ್ರು ನೋಡ್ತಾರ."

ಮುತ್ತವ್ವನದು ರೀತಿ ರಿವಾಜಿನ ಮಾತು. ಪ್ರಭುಲಿಂಗಪ್ಪನ ಕಾರಣ ಬೇರೆಯೇ ಇತ್ತು. ಆ ಹುಡುಗಿಯ ತಲೆಯ ಮೇಲಿನ ಚಾದರದ ಸುತ್ತು ನೋಡಿದಾಗಲೆಲ್ಲ ಅವನಿಗೆ ವರದಾ ಹೊಳೆ ಉಕ್ಕಿದ ಮಳೆಗಾಲ ಕಣ್ಣಿಗೆ ಕಟ್ಟುತ್ತಿತ್ತು.

ಆ ವರ್ಷ ಅವರ ಹೊಳೆಸಾಲಿನ ಮನೆ ಒಂದೇ ರಾತ್ರಿಯಲ್ಲಿ ಕರಗಿ ಹೋಯಿತು. ಅಪ್ಪ ಗುಡದಪ್ಪ, ಅವ್ವ, ತಲೆಯ ಮೇಲೆ ಇಂಥದೇ ಚಾದರದ ಸುತ್ತು ಹೊತ್ತ ಇವನು, ಮತ್ತು ನೀರಿನಿಂದ ಎಳೆದು ತಂದ ಒಂದು ಆಡು, ಹಾವೇರಿಯ ಓಣಿಗಳಲ್ಲಿ ಬಾಗಿಲು ಬಾಗಿಲು ತಿರುಗಿದರು. ಒಂದು ಮನೆಯವರು ಸೋರುತ್ತದೆ ಎಂದರು. ಒಂದು ಮನೆಯವರು ಮಾವನಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದರು. ಒಂದು ಮನೆಯವರು ಏನೂ ಅನ್ನದೆ ಬಾಗಿಲು ಹಾಕಿಕೊಂಡರು. ಆ ಬಾಗಿಲಿನ ಸದ್ದು ಹುಡುಗನಿಗೆ ನೆನಪುಳಿಯಿತು. ಮುಂದಿನ ಮನೆಯ ಬಾಗಿಲನ್ನು ಅವರು ಬಡಿಯಲೇ ಇಲ್ಲ, ಅದು ತಾನೇ ತೆರೆಯಿತು. ಹೊಸದಾಗಿ ಮದುವೆಯಾಗಿ ಬಂದಿದ್ದ ಬಿಸ್ಮಿಲ್ಲಾಬಿ ಹೊರಗೆ ಇಣುಕಿ, "ಅಯ್ಯ, ಆಡು ತೊಯ್ದು ನಡಗಾಕತ್ತೈತಲ್ಲ! ಲಗೂ ಒಳಗ ತರ್ರಿ," ಎಂದಳು. ಮೊದಲು ಆಡು ಒಳಗೆ ಹೋಯಿತು. ಅದರ ಹಿಂದೆ ಇವರು ಹೋದರು.

ಪಡಸಾಲೆಯಲ್ಲಿ ಅರ್ಧ ಇವರಿಗೆ, ಅರ್ಧ ಅವಳ ಗಂಡನ ಛತ್ರಿ ರಿಪೇರಿ ಸಾಮಾನಿಗೆ. ದಸರೆ ಕಳೆಯುವ ತನಕ ಇದ್ದರು. ಒಂದೇ ಒಲೆ, ಮೊದಲು ಅವ್ವನ ರೊಟ್ಟಿ, ಆಮೇಲೆ ಅವಳ ಸಾರು. ಬಿಸ್ಮಿಲ್ಲಾಬಿ ಇವನ ಕಿವಿ ಹಿಂಡಿ, "ಆಡಿಂದೂ ನಿಂದೂ ಒಂದ ಅಳತಿ ನೋಡು ಪ್ರಭು," ಎಂದು ನಗುತ್ತಿದ್ದಳು. ಅಪ್ಪನಿಗೆ ಬ್ಯಾಡಗಿಯ ಪೇಟೆಯಲ್ಲಿ ಹಮಾಲಿ ಕೆಲಸ ಸಿಕ್ಕು, ಚಕ್ಕಡಿ ಹತ್ತಿದ ದಿನ ಅವಳು ಗಾಲಿಯ ಪಕ್ಕ ನಡೆಯುತ್ತಾ ಬಂದಳು.

"ಪ್ರಭು, ನೀ ಸಾಲಿ ಕಲತಾಂವ. ಮುಟ್ಟಿದ ಕೂಡಲೇ ಒಂದು ಕಾಗದ ಹಾಕು. ಇಲ್ಲಂದ್ರ ನನ್ನ ಜೀವ ತಡಿಯಂಗಿಲ್ಲ."

"ಹಾಕ್ತೇನಿ ಅಕ್ಕಾ."

ಅಪ್ಪ ಒಂದು ನೀಲಿ ಇನ್‌ಲ್ಯಾಂಡ್ ತಂದುಕೊಟ್ಟ. ಹುಡುಗ ದುಂಡಗೆ ವಿಳಾಸ ಬರೆದ. ಒಳಗೆ ಬರೆಯಲು ಕೂತರೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಬಹಳ ಇತ್ತು, ಕಾಗದ ಸಣ್ಣದಿತ್ತು. ನಾಳೆ ಬರೆದರಾಯಿತು ಎಂದ. ದೊಡ್ಡವನಾದ ಮೇಲೆ, ಬಸ್ಸು ಹತ್ತಿದರೆ ಮುಟ್ಟುವ ಊರಿಗೆ ಕಾಗದ ಎಂಥದ್ದು, ತಾನೇ ಹೋದರಾಯಿತು ಎಂದ. ಹಾವೇರಿಗೆ ಹೋದಾಗಲೆಲ್ಲ, ಕಾಗದ ಹಾಕದೆ ಯಾವ ಮುಖ ಹೊತ್ತು ಹೋಗಲಿ ಎಂದು ಆ ಓಣಿ ತಪ್ಪಿಸಿ ಬಂದ. ದೂರದ ಊರಾಗಿದ್ದರೆ ಎಂದೋ ಬರೆಯುತ್ತಿದ್ದನೇನೋ. ಹತ್ತಿರ ಇದ್ದದ್ದೇ ಕೆಡಿಸಿತು. ಅಂಚೆಯ ದರ ಏರಿದಾಗಲೆಲ್ಲ ಮಾತ್ರ ಅವನು ತಪ್ಪದೆ ಒಂದು ಹೊಸ ಸ್ಟಾಂಪು ತಂದು ಅದಕ್ಕೆ ಅಂಟಿಸುತ್ತಿದ್ದ. ಒಳಗೆ ಖಾಲಿ ಇದ್ದ ಆ ಇನ್‌ಲ್ಯಾಂಡಿನ ಹೊರಮೈ ಈಗ ತೇಪೆ ಹಚ್ಚಿದ ಕೌದಿಯ ಹಾಗೆ ಆಗಿತ್ತು.

ಅಂಥವನು "ಮನೆ ಇಲ್ಲ, ಹೋಗಿ" ಎಂದು ಹೇಗೆ ಅನ್ನಬೇಕು?

ನಿರ್ದೇಶಕ ಎಲ್ಲರಿಗೂ ಚಹಾ ಹೇಳಿ ದಣಿವಾರಿಸಿಕೊಳ್ಳಲು ಕೂತ. ಪ್ರಭುಲಿಂಗಪ್ಪನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಕೈ ಸುಮ್ಮನಿರದೆ ಬಾಗಿಲ ಪಕ್ಕದ ರಾಶಿಯಿಂದ ಮೆಣಸಿನಕಾಯಿ ತೆಗೆದು ತೊಟ್ಟು ಮುರಿಯತೊಡಗಿದ. ಬಿಸಿಲು ಏರಿತು. ದೊಡ್ಡ ದೊಡ್ಡ ದೀಪ ಹೊತ್ತಿಸಿದರು. ಬೆವರು ಹಣೆಯಿಂದ ಇಳಿಯಿತು. "ರೆಡಿ ಸರ್!" ಎಂದು ಕೂಗಿದರು. ಅವನು ಎದ್ದು, ಎರಡೂ ಅಂಗೈಯಿಂದ ಮುಖವನ್ನು ಚೆನ್ನಾಗಿ ಒರೆಸಿಕೊಂಡ.

ಬಾಗಿಲು ಬಡಿದ ಸದ್ದಾದಾಗ ಅವನ ಕಣ್ಣಲ್ಲಿ ಹೋಳಿಹುಣ್ಣಿಮೆಯ ಬೆಂಕಿ ಹತ್ತಿತ್ತು. ತೆರೆದ. ಯಾರು ನಿಂತಿದ್ದಾರೋ ಕಾಣಲಿಲ್ಲ.

"ಮನಿ ಇಲ್ಲ ಗಿನಿ ಇಲ್ಲ! ಅಡ್ಡ ನಿಂದ್ರಬ್ಯಾಡ್ರಿ! ನಡೀರಿ ಅತ್ಲಾಗ!"

ಹೊಸ್ತಿಲ ಮೇಲಿದ್ದ ಗಂಟನ್ನು ಕಾಲಲ್ಲಿ ಒತ್ತರಿಸಿ, ಬಾಗಿಲನ್ನು ಗೋಡೆ ಅದುರುವಂತೆ ಬಡಿದು, ಬಚ್ಚಲಿಗೆ ಓಡಿ ಬಕೆಟ್ಟಿನಲ್ಲಿ ತಲೆ ಮುಳುಗಿಸಿದ. ಹೊರಗೆ ಚಪ್ಪಾಳೆ ಬಿದ್ದದ್ದು ನೀರಿನೊಳಗಿದ್ದ ಅವನಿಗೂ ಕೇಳಿಸಿತು.

"ಅದ್ಭುತ ಸರ್!" ನಿರ್ದೇಶಕ ಒಳಗೇ ಬಂದ. "ಆ ಕೆಂಡದಂಥ ಕಣ್ಣು! ಎಲ್ಲಿಂದ ತಂದ್ರಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಗಳಿಕೆಗೆ ಸೋಲದವರು ಯಾರು? ಪ್ರಭುಲಿಂಗಪ್ಪ ನೀರು ತೊಟ್ಟಿಕ್ಕುವ ಮುಖ ಎತ್ತಿ, "ಪಾತ್ರದಾಗ ಇಳದಬಿಟ್ಟೆ ನೋಡ್ರಿ," ಎಂದ. ಕಿವಿಗಳು ಅಲುಗಾಡಿದವು.

ಆಮೇಲೆ ಆ ನಾಲ್ವರು ಅವನ ಅಡುಗೆಮನೆಯಲ್ಲಿ ಕೂತು ರೊಟ್ಟಿ, ಎಣ್ಣೆಗಾಯಿ, ಮೊಸರು ಉಂಡರು. ಸಣ್ಣ ಹುಡುಗಿ ಮತ್ತೊಂದು ರೊಟ್ಟಿ ಬೇಡಿ ಹಾಕಿಸಿಕೊಂಡಳು. ಅದನ್ನು ಮಾತ್ರ ಯಾವ ಕ್ಯಾಮೆರಾವೂ ಹಿಡಿಯಲಿಲ್ಲ.

ಹೋಗುವಾಗ ನಿರ್ದೇಶಕ, "ಕಥೆ ಯಾರಿಗೂ ಹೇಳಬೇಡಿ ಸರ್," ಎಂದ. ಪ್ರಭುಲಿಂಗಪ್ಪನಿಗೆ ಆ ಒಂದು ಬಾಗಿಲು, ಒಬ್ಬ ಹುಡುಗ ಕಾಣೆಯಾಗುವುದು, ಇಷ್ಟು ಬಿಟ್ಟರೆ ಮುಂದಿನ ಕಥೆ ಒಂದಕ್ಷರವೂ ಗೊತ್ತಿರಲಿಲ್ಲ. ಆದರೂ ಅಂಗಡಿಗೆ ಬಂದವರು ಕೇಳಿದರೆ, ಗೋಣಿಚೀಲ ಝಾಡಿಸುತ್ತಾ, "ಹೇಳಂಗಿಲ್ರಿ, ಕಂಪನಿ ಮಾತು. ನಂದು ಮುಖ್ಯ ಪಾತ್ರ ಅಷ್ಟ ತಿಳೀರಿ," ಎನ್ನುತ್ತಿದ್ದ. ರಾಣೆಬೆನ್ನೂರಿನಲ್ಲಿದ್ದ ಮುತ್ತವ್ವನ ತಮ್ಮ ಚೇತನಕುಮಾರ ಫೋನು ಮಾಡಿದಾಗಲೂ ಅದೇ ಮಾತು. "ಹಂಗಾರ ಕೊಲೆಗಾರ ಯಾರಂತ ನಿಮಗ ಗೊತ್ತೈತಿ ಮಾಮಾ?" ಎಂದರೆ, "ಗೊತ್ತಿರದ ಏನು?" ಎಂದುಬಿಟ್ಟ.

ಪ್ರಸಾರದ ಸಂಜೆ ಬಡಾವಣೆಯೆಲ್ಲ ಅವನ ಮನೆಯಲ್ಲಿ ಸೇರಿತು. ಮುತ್ತವ್ವ ಒಗ್ಗರಣೆ ಚುರುಮುರಿ ಮಾಡಿದ್ದಳು. ದ್ರಾಕ್ಷಾಯಿಣಿಗೆ ಮುಂದಿನ ಖುರ್ಚಿ. ಹಸಿರು ಬಾಗಿಲು ಬಂದ ಕೂಡಲೇ ಮಕ್ಕಳು ಕೇಕೆ ಹಾಕಿದರು. ಬಾಗಿಲು ತೆರೆಯಿತು. ಕೇಕೆ ನಿಂತಿತು.

ಪರದೆಯ ತುಂಬ ಎರಡು ಕಣ್ಣು. ಕೆಂಪೆಂದರೆ ಕೆಂಪು. "ನಡೀರಿ ಅತ್ಲಾಗ!" ಗಂಟು ಉರುಳಿತು. ಬಾಗಿಲು ಬಡಿಯಿತು. ಧಾರಾವಾಹಿಯ ಬಾಗಿಲು ಒಂದು ಸಲ ಬಡಿದು ಸುಮ್ಮನಾಗುತ್ತದೆಯೇ? ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ, ಗುಡುಗಿನ ಸದ್ದಿನೊಡನೆ ಮೂರು ಸಲ ಮುಚ್ಚಿಕೊಂಡಿತು. ಸಣ್ಣ ಹುಡುಗಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚಾದರ ಹೊದ್ದು ಮಲಗಿದಳು. ಬೆಳಗಾದರೆ ಹಿರಿಯ ಹುಡುಗ ಇಲ್ಲ. ಅವನ ಒಂದು ಚಪ್ಪಲಿ ಬಿದ್ದಿತ್ತು, ಎಲ್ಲಿ? ಕೆಂಪು ಮೆಣಸಿನಕಾಯಿಯ ರಾಶಿಯ ಪಕ್ಕದಲ್ಲಿ. ಮುಂದುವರಿಯುವುದು.

ದ್ರಾಕ್ಷಾಯಿಣಿ ತನ್ನ ತಟ್ಟೆ ಕೆಳಗಿಟ್ಟಳು.

"ಕೂಸು ಅದು, ಪ್ರಭಣ್ಣಾ. ಒಂದು ಮೂಲ್ಯಾಗ ಮಲಗಸಿದ್ರ ನಿಮ್ಮ ಗಂಟೇನು ಹೊಕ್ಕಿತ್ತು?"

"ಏ ಯವ್ವಾ, ಅದು ಪಾತ್ರ! ನೀವ ಅಲ್ಲೇ ಖುರ್ಚಿ ಹಾಕ್ಕೊಂಡು ಕುಂತಿದ್ರೆಲ್ಲ?"

"ಕುಂತಿದ್ದೆ. ಆದ್ರ ದೂರದಿಂದ ನೋಡಿದ್ದೆ. ನಿಮ್ಮ ಕಣ್ಣು ಇವತ್ತ ನೋಡಿದೆ. ಒಳಗ ಇಲ್ಲದ್ದು ಹೊರಗ ಹೆಂಗ ಬರ್ತೈತಿ?"

ಈ ದ್ರಾಕ್ಷಾಯಿಣಿ ಹೋದ ತಿಂಗಳಷ್ಟೇ ತನ್ನ ಮಾಳಿಗೆಯ ಕೋಣೆ ಕೇಳಲು ಬಂದ ದೂರದ ಊರಿನ ನರ್ಸ್ ಹುಡುಗಿಯನ್ನು, ಏನು ತಿನ್ನುತ್ತಾಳೋ ಏನೋ ಎಂದು ಗೇಟಿನಿಂದಲೇ ಕಳಿಸಿದ್ದಳು. ಆದರೆ ಆ ಹುಡುಗಿ ಟೀವಿಯಲ್ಲಿ ಬಂದಿರಲಿಲ್ಲ. ಹಿನ್ನೆಲೆ ಸಂಗೀತವೂ ಇರಲಿಲ್ಲ. ಎಲ್ಲರೂ ಎದ್ದರು. ಹೋಗಿ ಬರ್ತೇವಿ ಎಂದು ಒಬ್ಬರೂ ಅನ್ನಲಿಲ್ಲ.

ಮರುದಿನದಿಂದ ಹಾಲಿನ ನಾಗಪ್ಪ ಹಾಲನ್ನು ಕಟ್ಟೆಯ ಮೇಲಿಟ್ಟು ಮಾತಾಡದೆ ಹೋಗತೊಡಗಿದ. ಗೋಣಿಚೀಲ ಕೊಳ್ಳುವವರು ಚೀಲದೊಳಗೆ ಒಮ್ಮೆ ಇಣುಕಿ ನೋಡಿ ಒಯ್ದರು. ಚೇತನಕುಮಾರ ರಾಣೆಬೆನ್ನೂರಿನಿಂದ ಮೊದಲ ಬಸ್ಸಿಗೇ ಬಂದಿಳಿದ.

"ಮಾಮಾ, ನಮ್ಮ ಓಣ್ಯಾಗ ಮಾರಿ ತೋರಸಾಕ ಆಗವಲ್ದು. ಎಲ್ಲಾರ ಮುಂದ ಟೀವಿ ಹಚ್ಚಿ, ನಮ್ಮ ಮಾಮಾ ನೋಡ್ರಿ ಅಂದೆ. ಈಗ ನೀವ ಕೊಂದಿಲ್ಲಂತ ಒಂದು ಮಾತು ಹೇಳಿಬಿಡ್ರಿ."

ಪ್ರಭುಲಿಂಗಪ್ಪ ಇಕ್ಕಟ್ಟಿಗೆ ಸಿಕ್ಕ. ಕೊಂದಿಲ್ಲ ಎಂದರೆ, ಕೊಂದವರು ಯಾರು ಎನ್ನುತ್ತಾರೆ. ಗೊತ್ತಿಲ್ಲ ಎಂದರೆ, ಇಷ್ಟು ದಿನ ಹೊಡೆದ ಬಡಾಯಿ ನೀರಾಗುತ್ತದೆ.

"ಹೇಳಂಗಿಲ್ಲಪಾ. ಕಂಪನಿ ಮಾತು," ಎಂದ, ಸೋತ ದನಿಯಲ್ಲಿ.

"ಅಕ್ಕಾ, ಕೊಂದಾರ!" ಎಂದು ಚೇತನಕುಮಾರ ಅಲ್ಲೇ ಕುಸಿದು ಕೂತ.

ಅದೇ ಹೊತ್ತಿಗೆ ಗೇಟಿನ ಮುಂದೆ ಕಾನ್‌ಸ್ಟೇಬಲ್ ಕಲ್ಲೇಶ ಬೈಕು ನಿಲ್ಲಿಸಿದ. ಸುತ್ತಲಿನ ಕಿಟಕಿಗಳೆಲ್ಲ ತೆರೆದವು. ಕಲ್ಲೇಶ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ದನಿ ತಗ್ಗಿಸಿದ.

"ಕಾಕಾ, ಆ ಹುಡುಗ ಎಲ್ಲಿ ಅದಾನ್ರಿ?"

"ಯಾವ ಹುಡುಗ?"

"ಚಪ್ಪಲಿ ಹುಡುಗ. ಮನ್ಯಾಗ ನಮ್ಮವ್ವ ಊಟಾ ಬಿಟ್ಟಾಳ್ರಿ. ನೀ ಇಷ್ಟು ವರ್ಷ ಪೊಲೀಸ್ ಆಗಿ ಏನು ಉಪಯೋಗ, ಇಲ್ಲೇ ಊರಾಗ ಅದಾನ ಆ ಬಾಗಲಾ ಬಡದಾಂವ, ಹೋಗಿ ಕೇಳು ಅಂತಾಳ. ಜೀವಂತ ಅದಾನೋ ಇಲ್ಲೋ, ಅಷ್ಟ ಹೇಳ್ರಿ."

"ಕಲ್ಲೇಶಾ, ಆ ಹುಡುಗ ನಮ್ಮ ಅಡಗಿಮನ್ಯಾಗ ಕುಂತು ಉಂಡು, ಕೈ ತೊಳಕೊಂಡು ಹೋಗ್ಯಾನೋ!"

"ಕಡೀಗೆ ನೋಡಿದಾವ್ರು ನೀವನ ಅಂದಂಗಾತು," ಎಂದ ಕಲ್ಲೇಶ, ಕಸುಬಿನ ಅಭ್ಯಾಸಬಲದಿಂದ.

ಮುತ್ತವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಗಂಡ ನಗಲಿಲ್ಲ. ಅವರೆಲ್ಲ ಹೋದ ಮೇಲೆ ಟ್ರಂಕಿನ ಮುಂದೆ ಕೂತು ಆ ಸ್ಟಾಂಪಿನ ಕೌದಿಯನ್ನು ತೆಗೆದು ಇಟ್ಟು, ತೆಗೆದು ಇಟ್ಟು ಮಾಡಿದ.

"ಊರು ಏನರೆ ಅನ್ಲಿ ಮುತ್ತಿ. ಬಿಸ್ಮಿಲ್ಲಾ ಅಕ್ಕ ನೋಡಿದ್ರ?"

"ಆಕಿ ನಿಮ್ಮನ್ನ ಎಂಟು ವರ್ಷದಾಂವ ಇದ್ದಾಗ ನೋಡಿದಾಕಿ. ಈಗ ಗುರುತು ಹತ್ತೂದಿಲ್ಲ ಬಿಡ್ರಿ."

"ಹತ್ತಬಾರದು," ಎಂದ ಪ್ರಭುಲಿಂಗಪ್ಪ. ಕಾಗದವನ್ನು ಮತ್ತೆ ಟ್ರಂಕಿಗೆ ಹಾಕುತ್ತಾ, "ಹತ್ತದಿದ್ರೂ ಒಂಥರಾ ಆಕ್ಕೈತಿ," ಎಂದ.

ವಾರ ಕಳೆದಿರಲಿಲ್ಲ, ಅಗಡಿ ಊರಿನ ಮೈಲವ್ವ ಬಂದಳು. ಮೈಲವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಬುಟ್ಟಿಯಲ್ಲಿ ಹೊತ್ತು ಒಂದು ದಿನ ಹಾವೇರಿ, ಒಂದು ದಿನ ಬ್ಯಾಡಗಿ ತಿರುಗುವವಳು. ಬುಟ್ಟಿ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು, ಪ್ರಭುಲಿಂಗಪ್ಪನ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

"ಹಾವೇರ್ಯಾಗ ಜಗಳ ಆಗೇತ್ರಿ ಯಣ್ಣಾ. ನಿಮ್ಮ ಸಲುವಾಗಿ."

"ಯಾರ ಕೂಡ ಯಾರು?"

"ಬಿಸ್ಮಿಲ್ಲಾಬಿ ಕೂಡ ಇಡೀ ಓಣಿ."

ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಮುತ್ತವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಎಲ್ಲಾರೂ ಆಕಿ ಮನ್ಯಾಗ ಟೀವಿ ನೋಡ್ಕೋಂತ ಕುಂತಿದ್ವಿ. ನೀವು ಬಾಗಲಾ ಬಡದ್ರಿ. ಓಣಿ ಹೆಂಗಸ್ರು, ಇವನ ಕೈ ಸೇದಿ ಹೋಗ್ಲಿ ಅಂತ ಶಾಪ ಹಾಕಿದ್ರು. ನಾನೂ ಒಂದು ಹಾಕಿದೆ, ಸುಳ್ಳ್ಯಾಕ ಹೇಳ್ಲಿ. ಮುದುಕಿ ಗೋಡಿ ಹಿಡಕೊಂಡು ಎದ್ದ ನಿಂತ್ಲು. 'ಬಾಯಿ ಮುಚ್ರಿ ಎಲ್ಲಾರೂ. ಆ ಕಿವಿ ನೋಡ್ರಿ. ಅಂವ ನನ್ನ ಪ್ರಭು,' ಅಂದ್ಲು."

ಪ್ರಭುಲಿಂಗಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಆದರೂ ಕೇಳಿಸಿಕೊಂಡ.

"'ನಿಮ್ಮ ಪ್ರಭು ಆದ್ರ ಹುಡುಗೋರನ್ನ ಯಾಕ ಹೊರಗ ಹಾಕಿದಾ?' ಅಂತ ಎಲ್ಲಾರೂ ಮ್ಯಾಲೆ ಬಿದ್ರು. ಆಕಿ ಅಂದ್ಲು, 'ಕಣ್ಣ ನೋಡ್ರಿ ಅಂವಂದು, ಎಷ್ಟು ಕೆಂಪಗ ಆಗ್ಯಾವ. ಮನ್ಯಾಗ ಜಾಗಾ ಇಲ್ಲ, ಕಳಿಸಾಕ ಮನಸ ಇಲ್ಲ, ಅತ್ತು ಅತ್ತು ಬಂದಾನ ಬಾಗಲಿಗೆ. ಬಾಗಲಾ ಹಾಕ್ಕೊಂಡು ಒಳಗ ಮತ್ತ ಅತ್ತಿರತಾನ. ನಿಮಗೇನು ತಿಳೀತೈತಿ?'"

ಎದುರಿನ ಕಿಟಕಿಯಲ್ಲಿ ದ್ರಾಕ್ಷಾಯಿಣಿಯ ತಲೆ ಕಾಣುತ್ತಿತ್ತು.

"ಮತ್ತ ಹೇಳಿ ಕಳಿಸ್ಯಾಳ," ಮೈಲವ್ವ ಚಟ್ನಿಯ ಪುಡಿಕೆ ಬಿಚ್ಚುತ್ತಾ ಹೇಳಿದಳು. "ಆ ಹುಡುಗೋರು ಎಲ್ಲೆರೆ ಸಿಕ್ರ ಹಾವೇರಿಗೆ ಕಳಸಂತ ಹೇಳು. ನನ್ನ ಪಡಸಾಲಿ ಖಾಲಿ ಐತಿ. ಛತ್ರಿ ಸಾಮಾನೂ ಈಗಿಲ್ಲ, ಪೂರಾ ಅವರಿಗೇ ಅಂತ."

"ನನ್ನ ಬಗ್ಗೆ? ನನಗ ಏನೂ ಹೇಳ್ಲಿಲ್ಲ?"

"'ಮುಟ್ಟಿದ ಕೂಡಲೇ ಕಾಗದ ಹಾಕ್ತೇನಿ ಅಂದಿದ್ದ,' ಅಂದ್ಲು. 'ಬರಲಿಲ್ಲೇನು?' ಅಂತ ನಾ ಕೇಳಿದೆ. 'ಹಾಕಿರ್ತಾನ. ದಾರ್ಯಾಗ ಇರಬೇಕು ಇನ್ನಾ,' ಅಂದ್ಲು."

ಪ್ರಭುಲಿಂಗಪ್ಪ ಎದ್ದು ಒಳಗೆ ಹೋದ. ಟ್ರಂಕು ತೆರೆದ ಸದ್ದಾಯಿತು. ಮುತ್ತವ್ವ ಹಿಂದೆಯೇ ಹೋಗಿ ಅವನ ಕೈ ಹಿಡಿದು ಬಚ್ಚಲಿಗೆ ಎಳೆದೊಯ್ದು ಸೋಪು ಹಚ್ಚಿ ತೊಳೆಸಿದಳು; ಬೆಳಗಿನಿಂದ ಖಾರದ ರಾಶಿಯಲ್ಲಿದ್ದ ಕೈ. ಆಮೇಲೆ ಅವನು ಕಣ್ಣೊರೆಸಿಕೊಂಡರೆ ಅವಳು ಬೇಡ ಅನ್ನಲಿಲ್ಲ.

"ಬಸ್ ಹಿಡದು ಹೋಗಿಬಿಡೂಣ ನಡೀರಿ," ಎಂದಳು. "ಕಾಗದಕ್ಕಿಂತ ಮೊದಲ ನಾವ ಮುಟ್ಟತೇವಿ."

"ಬರ್ತೇನಿ ಅಂದಿರಲಿಲ್ಲ ನಾ. ಕಾಗದ ಹಾಕ್ತೇನಿ ಅಂದಿದ್ದೆ. ಮೊದಲ ಅದು ಹೋಗ್ಲಿ. ಅದರ ಹಿಂದ ನಾವು ಹೋಗೂಣು."

ಇಷ್ಟು ವರ್ಷ ಸಣ್ಣದೆನಿಸಿದ್ದ ಕಾಗದ ಈಗ ದೊಡ್ಡದಾಯಿತು. ಅವನು ಬರೆದದ್ದು ಇಷ್ಟೇ.

"ಬಿಸ್ಮಿಲ್ಲಾ ಅಕ್ಕನಿಗೆ ಪ್ರಭುವಿನ ನಮಸ್ಕಾರಗಳು. ನಾವೆಲ್ಲರೂ ಬ್ಯಾಡಗಿಗೆ ಸುಖವಾಗಿ ಬಂದು ಮುಟ್ಟಿದೆವು. ಆಡೂ ಮುಟ್ಟಿತು. ಮೊನ್ನೆ ಬಂದ ಹುಡುಗರು ನಮ್ಮ ಮನೆಯಲ್ಲಿ ಉಂಡು ಹೋದರು. ಇನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಕೂರಬೇಡ."

ಗಂಡ ಹೆಂಡತಿ ಅಂಚೆ ಕಚೇರಿಗೆ ನಡೆದಾಗ ಬಡಾವಣೆಯ ಅರ್ಧ ಜನ ಹಿಂದೆ ಬಂದರು. ದ್ರಾಕ್ಷಾಯಿಣಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಂದಿದ್ದಳು. ದಾರಿಯಲ್ಲಿ ಕಲ್ಲೇಶ ಬೈಕು ನಿಲ್ಲಿಸಿ, "ಕಾಕಾ, ಅದರಾಗ ಕೊಲೆಗಾರನ ಹೆಸರು ಐತೇನ್ರಿ?" ಎಂದು ಕೇಳಿದ.

"ನನಗ ಗೊತ್ತಿಲ್ಲೋ ಕಲ್ಲೇಶಾ," ಎಂದ ಪ್ರಭುಲಿಂಗಪ್ಪ. "ಮೊದಲೂ ಗೊತ್ತಿರಲಿಲ್ಲ."

ಕೌಂಟರಿನ ಹುಡುಗಿ ಆ ಇನ್‌ಲ್ಯಾಂಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸ್ಟಾಂಪುಗಳ ನಡುವೆ ಎಂಟು ವರ್ಷದ ಹುಡುಗನ ದುಂಡು ಅಕ್ಷರದಲ್ಲಿ ವಿಳಾಸ ಇಣುಕುತ್ತಿತ್ತು.

"ಇದು ಹೊಕ್ಕೈತೇನವಾ?" ಅವನು ಕೌಂಟರಿನ ಕಿಂಡಿಗೆ ಬಾಗಿ ಕೇಳಿದ.

"ಹೊಕ್ಕೈತ್ರಿ ಅಜ್ಜಾರ, ಇದರ ಮ್ಯಾಲಿನ ಸ್ಟಾಂಪಿನಾಗ ಹತ್ತು ಕಾಗದ ಹೊಕ್ಕಾವು," ಎಂದು ನಕ್ಕಳು. "ಅರ್ಜಂಟ್ ಐತೇನ್ರಿ?"

"ಭಾಳ ಅರ್ಜಂಟ್ ಐತವಾ," ಎಂದಳು ಮುತ್ತವ್ವ.

ಪ್ರಭುಲಿಂಗಪ್ಪ ಹೊರಗೆ ಬಂದು ಕೆಂಪು ಡಬ್ಬಿಯ ಬಾಯಲ್ಲಿ ಕಾಗದವನ್ನು ಇಟ್ಟು, ತುಸು ಹೊತ್ತು ಹಿಡಿದೇ ನಿಂತು, ಬಿಟ್ಟ. ಒಳಗೆ ಅದು ಬಿದ್ದ ಸದ್ದು ಅವನ ಅಗಲ ಕಿವಿಗೆ ಚೆನ್ನಾಗಿ ಕೇಳಿಸಿತು.